ಸರದಾರನ ಕಳ್ಳ ಕುಬಸ

ನಿತೀಶ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳಲು ಎಡೆ ಸಿಗಲಿಕ್ಕಿಲ್ಲ. ಲಂಡನ್ನಿನ ಒಂದು ಕೌನ್ಸಿಲ್ ಕಚೇರಿಯಲ್ಲಿ ಅವನಿಗೆ ಕೆಲಸ. ಪಾರ್ಕಿಂಗ್ ದಂಡ ಬಿದ್ದವರು 'ನನ್ನದು ತಪ್ಪಿಲ್ಲ' ಎಂದು ಅರ್ಜಿ ಬರೆಯುತ್ತಾರಲ್ಲ, ಅದನ್ನೋದಿ 'ತಮ್ಮ ಅಹವಾಲನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ, ಸಾಕ್ಷ್ಯ ಸಾಲದು' ಎಂದು ಉತ್ತರ ಬರೆಯುವುದು. ಹೆರಿಗೆ ನೋವು ತಿನ್ನುತ್ತಿದ್ದ ಹೆಂಡತಿಯನ್ನು ಇಳಿಸಲು ಆಸ್ಪತ್ರೆಯ ಎದುರು ಎರಡು ನಿಮಿಷ ಕಾರು ನಿಲ್ಲಿಸಿದವನಿಗೂ ಅವನು ಇದೇ ಉತ್ತರ ಬರೆದಿದ್ದ. ಹನ್ನೊಂದು ವರ್ಷದಲ್ಲಿ ಅವನ ಮೇಲೆ ಒಂದು ದೂರೂ ಬಂದಿಲ್ಲ.

ಮನೆಯಲ್ಲೂ ಅವನ ಧೋರಣೆ ಅದೇ. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಾಗಿರಲಿಲ್ಲ. ಹೆಂಡತಿ ಮೈತ್ರೇಯಿ ಸ್ಕ್ಯಾನು, ರಕ್ತಪರೀಕ್ಷೆ, ಹೊಟ್ಟೆಗೆ ತೂತು ಮಾಡಿ ಕ್ಯಾಮೆರಾ ಇಳಿಸುವ ಪರೀಕ್ಷೆ ಎಲ್ಲವನ್ನೂ ಮುಗಿಸಿದ್ದಳು. ಪ್ರತಿ ಸಲವೂ ಒಬ್ಬಳೇ ಮನೆಯಿದ್ದ ಕೊಲಿಂಡೇಲ್‌ನಿಂದ ಟ್ಯೂಬ್ ರೈಲು ಹಿಡಿದು ಹೋಗಿ, ಒಬ್ಬಳೇ ಹೊಟ್ಟೆ ಹಿಡಿದುಕೊಂಡು ವಾಪಸು ಬಂದಿದ್ದಳು. ಅವಳಲ್ಲಿ ಯಾವ ಕೊರತೆಯೂ ಇಲ್ಲವೆಂದು ಡಾಕ್ಟರು ಬರೆದುಕೊಟ್ಟಾಗಿತ್ತು. ಉಳಿದದ್ದು ನಿತೀಶನ ಪರೀಕ್ಷೆ ಒಂದೇ. ಸೂಜಿ ಇಲ್ಲ, ನೋವಿಲ್ಲ, ಅರ್ಧ ದಿನದ ರಜೆ ಇದ್ದರೆ ಸಾಕು. ಬಡಾವಣೆಯ ಜಿಪಿ ಡಾಕ್ಟರು ಕೊಟ್ಟ ಚೀಟಿಯ ಅವಧಿ ಮೂರು ಸಲ ಮುಗಿದುಹೋಗಿತ್ತು.

"ಮಾಡಸೂಣು, ಅವಸರ ಏನದ? ರಜೆ ಸಿಗವಲ್ದು," ಎನ್ನುತ್ತಿದ್ದ ನಿತೀಶ. ಮೈತ್ರೇಯಿ ನಂಬಿದ್ದಳು. ನಂಬದೆ ಇದ್ದರೆ ಬದುಕುವುದು ಹೇಗೆ?

ಗೋಸುಂಬೆ ಮನೆಗೆ ಬಂದದ್ದು ಕಚೇರಿಯ ಚಹಾದ ಹೊತ್ತಿನ ದೆಸೆಯಿಂದ. ಸೋಮವಾರ ಬೆಳಿಗ್ಗೆ ಎಲ್ಲರೂ ಫೋನು ತೆಗೆದು ಮಗುವಿನದೋ ನಾಯಿಯದೋ ಫೋಟೊ ತೋರಿಸುವುದು ಅಲ್ಲಿನ ರೂಢಿ. ನಿತೀಶ ಒಮ್ಮೆ ತಾನು ಕೊಂಡ ಸೋಫಾದ ಫೋಟೊ ತೋರಿಸಿದ. ಎಲ್ಲರೂ ಪಕ್ಕದವರ ನಾಯಿಯ ಫೋಟೊ ನೋಡಲು ತಿರುಗಿದರು. ಅದು ಅವನ ಮನಸ್ಸಿಗೆ ಚುಚ್ಚಿತು. ಮರು ಶನಿವಾರವೇ ಇಲ್ಫರ್ಡಿನಲ್ಲಿ ಮನೆ ಖಾಲಿ ಮಾಡುತ್ತಿದ್ದವರೊಬ್ಬರಿಂದ ಗಾಜಿನ ಗೂಡಿನ ಸಮೇತ ಒಂದು ಗೋಸುಂಬೆ ತಂದ. ಮಾರಿದವರು ಗಂಡು ಎಂದಿದ್ದರು. ತಲೆಯ ಮೇಲೆ ಪೇಟದಂಥ ಏರು ಇತ್ತು. ನಿತೀಶ 'ಸರದಾರ' ಎಂದು ಹೆಸರಿಟ್ಟ.

ಇಷ್ಟಕ್ಕೂ ಆ ಫ್ಲ್ಯಾಟಿನಲ್ಲಿ ಪ್ರಾಣಿ ಸಾಕುವಂತಿರಲಿಲ್ಲ. ಕರಾರಿನಲ್ಲೇ ಬರೆದಿತ್ತು. ಫ್ಲ್ಯಾಟಿನ ಮಾಲಿಕನೆಂದರೆ ನಿತೀಶನ ಮೇಲಧಿಕಾರಿ ಋಷಿಕೇಶನ ಹೆಂಡತಿ ಉಷಾಳ ಅಣ್ಣ. ಉಷಾ ಕನ್ನಡ ಬಳಗದ ಮಹಿಳಾ ಘಟಕದ ಕಾರ್ಯದರ್ಶಿ. ಅಂದರೆ ಅವಳಿಗೆ ತಿಳಿದದ್ದು ಉತ್ತರ ಲಂಡನ್ನಿಗೆಲ್ಲ ತಿಳಿದಂತೆ. ಹೀಗಾಗಿ ನಿತೀಶ ಗೂಡಿಗೆ ಚಾದರ ಸುತ್ತಿ ಲಿಫ್ಟಿನ ಕಡೆ ನಡೆದ. ಕೆಳಗಿನ ಕೌಂಟರಿನಲ್ಲಿ ಕೂರುವ ಮಂಗಳೂರಿನ ಮೆಲ್ರಾಯ್ ಕೇಳಿದ್ದಕ್ಕೆ ಮೈಕ್ರೊವೇವ್ ಎಂದ.

"ಮೈಕ್ರೊವೇವ್‌ಗೆ ಗಾಳಿ ಆಡ್ಲಿಕ್ಕೆ ಜಾಲರಿ ಎಂತಕ್ಕೆ ಸರ್?" ಎಂದ ಮೆಲ್ರಾಯ್. ಆಮೇಲೆ ತಾನೇ ಲಿಫ್ಟಿನ ಗುಂಡಿ ಒತ್ತಿ, ಬೇರೆ ಕಡೆ ನೋಡಿದ.

ಗೂಡಿನ ಜೊತೆ ಒಂದು ಕಾಗದವೂ ಬಂದಿತ್ತು. ಮೈತ್ರೇಯಿ ಅದನ್ನು ಓದಿದಳು.

"ಹೊಸಾದು ತಂದ ವಾರದಾಗ ವೆಟ್ ಡಾಕ್ಟರಗ ತೋರಸಬೇಕಂತ ಬರದಾರ್ರಿ."

"ಅದಕ್ಕೇನಾಗೇದ? ಬಣ್ಣ ನೋಡು, ಹೆಂಗ ಹೊಳೀಲಿಕ್ಕತ್ತದ."

"ಆರಾಮ ಇದ್ದಾಗ ತೋರಸೂದಕ್ಕನ ಚೆಕಪ್ ಅಂತಾರ."

"ತೋರಸೂಣು. ಅವಸರ ಏನದ?"

ಮೈತ್ರೇಯಿ ಕಾಗದ ಮಡಿಸಿ ಫ್ರಿಜ್ಜಿನ ಮೇಲಿಟ್ಟಳು. ಆದರೆ ಸರದಾರನ ಮೇಲೆ ಅವಳಿಗೆ ಜೀವ ಹತ್ತಿತು. ಅಡಿಗೆಮನೆಯೊಳಗೆ ಕೋಳಿಮೊಟ್ಟೆಯನ್ನೂ ತಾರದ ಹೆಂಗಸು ಚಿಮಟದಲ್ಲಿ ಜೀವಂತ ಮಿಡತೆ ಹಿಡಿದು "ತಿನ್ನೋ ಅಪ್ಪಾ" ಎಂದು ಕರೆಯುವಂತಾದಳು. ದಿನಕ್ಕೆ ಮೂರು ಸಲ ಎಲೆಗಳ ಮೇಲೆ ನೀರು ಸಿಂಪಡಿಸುತ್ತಿದ್ದಳು. ನಿತೀಶ ನೂರಾ ಹನ್ನೆರಡು ಫೋಟೊ ತೆಗೆದ. ಸೋಮವಾರದ ಚಹಾಕ್ಕೆ ಅವನ ಸುತ್ತ ಜನ ನೆರೆದರು. ಋಷಿಕೇಶ ಮಾತ್ರ ಅಂದು ಮೀಟಿಂಗಿನಲ್ಲಿದ್ದ, ಅದು ನಿತೀಶನ ಪುಣ್ಯ.

ಅದೇ ಸೋಮವಾರ ಸಂಜೆ ಸರದಾರ ಊಟ ಬಿಟ್ಟ. ಮಂಗಳವಾರ ಹೊಟ್ಟೆ ಉಬ್ಬಿದಂತೆ ಕಂಡಿತು. ಬುಧವಾರ ಕೊಂಬೆಯಿಂದಿಳಿದು ಗೂಡಿನ ತಳವನ್ನು ಕಾಲಿನಿಂದ ಪರಪರ ಕೆರೆಯತೊಡಗಿತು. ಮೈತ್ರೇಯಿ ಮೂರು ದಿನವೂ ವೆಟ್ ಎಂದಳು. ನಿತೀಶ ಮೂರು ದಿನವೂ ಇಂಟರ್ನೆಟ್ ಓದಿ, ಒಂದು ಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದ. ವೆಟ್ ಬೇಕು ಎನ್ನುವುದಕ್ಕೆ ಒಂದು ಕಡೆ, ಬೇಡ ಎನ್ನುವುದಕ್ಕೆ ಇನ್ನೊಂದು ಕಡೆ. ಊಟ ಬಿಟ್ಟದ್ದು: ಹೊಸ ಜಾಗ, ಒಗ್ಗಿಲ್ಲ. ಹೊಟ್ಟೆ: ಮೊದಲು ಚೆನ್ನಾಗಿ ತಿಂದಿರಬೇಕು. ಕೆರೆಯುವುದು: ವ್ಯಾಯಾಮ. ಕೆಳಗೆ ಷರಾ ಬರೆದ: 'ಸಾಕ್ಷ್ಯ ಸಾಲದು. ಮುಂದಿನ ವಾರ ಮರುಪರಿಶೀಲನೆ.'

ಗುರುವಾರ ಬೆಳಿಗ್ಗೆ ಮೈತ್ರೇಯಿ ಅವನನ್ನು ಕೇಳದೆ ಸರೀಸೃಪಗಳನ್ನು ನೋಡುವ ಪಶುವೈದ್ಯರಿಗೆ ಫೋನು ಮಾಡಿದಳು. ಅಲ್ಲಿನ ನರ್ಸು ಎಲ್ಲ ಕೇಳಿಸಿಕೊಂಡು, ಹಿಂಗಾಲಿನ ಹಿಮ್ಮಡಿಯ ಮೇಲೆ ಸಣ್ಣ ಮುಳ್ಳಿನಂಥದ್ದು ಇದೆಯೇ ನೋಡಿ ಎಂದಳು. ಮೈತ್ರೇಯಿ ಟಾರ್ಚು ಹಾಕಿ ನೋಡಿದಳು. ಇರಲಿಲ್ಲ.

ಹಾಗಾದರೆ ಅದು ಹೆಣ್ಣು, ಎಂದಳು ನರ್ಸು. ಹೊಟ್ಟೆಯಲ್ಲಿರುವುದು ಮೊಟ್ಟೆ. ಇಡಲು ಮಣ್ಣು ಹುಡುಕುತ್ತಿದೆ. ಒಂದು ಬಕೆಟ್ಟಿನ ತುಂಬ ಒದ್ದೆ ಮರಳು ಹಾಕಿ ಗೂಡಿನೊಳಗಿಡಿ, ದೀಪದ ಶಾಖ ತಪ್ಪಿಸಬೇಡಿ, ನಾಳೆ ಮೂರು ಗಂಟೆಗೆ ಕರೆತನ್ನಿ. ಮೊಟ್ಟೆ ಒಳಗೇ ಉಳಿದರೆ ಜೀವ ಹೋಗುತ್ತದೆ.

"ಗಂಡು ಇಲ್ದ ಮೊಟ್ಟಿ ಹೆಂಗ ಆಗ್ತಾವ? ಕೇಳು," ಎಂದು ನಿತೀಶ ಪಕ್ಕದಿಂದ ತಿವಿದ.

ಇವುಗಳಿಗೆ ಗಂಡು ಬೇಕಾಗುವುದಿಲ್ಲ, ತಾವಾಗಿಯೇ ಇಡುತ್ತವೆ, ಮರಿಯಾಗುವುದಿಲ್ಲ ಅಷ್ಟೆ ಎಂದಳು ನರ್ಸು. ಈ ವ್ಯವಸ್ಥೆ ನಿತೀಶನಿಗೆ ಸರಿಕಾಣಲಿಲ್ಲ.

ಮೈತ್ರೇಯಿಗೆ ಶುಕ್ರವಾರ ಒಂದು ಗಂಟೆಯವರೆಗೆ ಶಾಲೆಯ ಆಫೀಸಿನಲ್ಲಿ ಕೆಲಸ. "ನೀವು ರಜೆ ಹಾಕ್ರಿ. ಮುಂಜಾನೆ ಬಕೆಟ್ ಒಳಗಿಟ್ಟು, ಅದರ ಮ್ಯಾಲೆ ಕಣ್ಣಿಡ್ರಿ. ನಾ ಬಂದಕೂಡಲೆ ಹೋಗೂಣು," ಎಂದಳು. ನಿತೀಶ ಹೂಂ ಎಂದ. ಮೈತ್ರೇಯಿ ಅವನ ಮುಖವನ್ನೇ ನೋಡಿದಳು. ಅವನು ರಜೆ ಹಾಕುತ್ತೇನೆಂದು ಹೇಳಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಕಚೇರಿಯಲ್ಲಿ ರಜೆಯ ಅರ್ಜಿ ಋಷಿಕೇಶನ ಕೈಯಿಂದಲೇ ಹಾಯಬೇಕು. ಅವನು ನಿತೀಶನನ್ನು ಕೋಣೆಗೆ ಕರೆದ.

"ಏನ್ರೀ ನಿತೀಶ, ಹನ್ನೊಂದು ವರ್ಷದಾಗ ಒಮ್ಮಿಯರ ದವಾಖಾನಿ ಅಂತ ರಜೆ ಕೇಳಿದವರಲ್ಲ."

ಗೋಸುಂಬೆ ಎಂದರೆ ಫ್ಲ್ಯಾಟು ಹೋಗುತ್ತದೆ. ನಿತೀಶ ಹೇಳಿದ, "ನಮ್ಮ ಮೈತ್ರೇಯಿಗೆ ತೋರಸಬೇಕಾಗೇದ್ರಿ ಸರ್."

"ಅಯ್ಯ, ಏನಾಗೇದ್ರಿ?"

ಸುಳ್ಳನ್ನು ನಿತೀಶ ಇಲ್ಲಿಯವರೆಗೆ ಮಾತ್ರ ತಯಾರಿ ಮಾಡಿಕೊಂಡಿದ್ದ. ಮುಂದಿನದಕ್ಕೆ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದ. "ಮೂರ್ನಾಕು ದಿನಾತ್ರಿ, ಮೈತ್ರೇಯಿಗೆ ಊಟನ ಸೇರವಲ್ದು. ಹೊಟ್ಟಿ ಉಬ್ಬಿದಂಗ ಕಾಣತದ. ತಡಾ ಮಾಡಬ್ಯಾಡ್ರಿ, ಸ್ಕ್ಯಾನ್ ಮಾಡೂಣು ಅಂದಾರ್ರಿ."

ಋಷಿಕೇಶ ಎದ್ದ, ಬಾಗಿಲು ಹಾಕಿದ, ಬಂದು ನಿತೀಶನನ್ನು ತಬ್ಬಿಕೊಂಡ. ಅವನ ಕಣ್ಣು ತುಂಬಿತ್ತು. "ತಿಳೀತ್ರಿ. ಬಿಡಿಸಿ ಹೇಳಬ್ಯಾಡ್ರಿ. ಮೂರು ತಿಂಗಳಾಗೂತನಕ ಬಾಯಿ ಬಿಡಬಾರದು. ನಾ ಒಬ್ಬರ ಮುಂದೂ ಹೇಳಂಗಿಲ್ಲ."

ಇಲ್ಲ ಎನ್ನಲು ಅದೇ ತಕ್ಕ ಸಮಯವಾಗಿತ್ತು. ಆದರೆ ಅಷ್ಟರಲ್ಲಿ ಪೂರ್ತಿ ಸಂಬಳದೊಡನೆ ಇಡೀ ದಿನದ ರಜೆ ಮಂಜೂರಾಗಿಬಿಟ್ಟಿತ್ತು. ಮಂಜೂರಾದದ್ದನ್ನು ತಾನಾಗಿ ಹಿಂದಕ್ಕೆ ಕೊಡುವ ಪದ್ಧತಿ ಆ ಕಚೇರಿಯಲ್ಲಿ ಇರಲಿಲ್ಲ.

ಋಷಿಕೇಶ ಮಾತಿಗೆ ತಪ್ಪುವವನಲ್ಲ. ಉಷಾಳ ಹೊರತು ಯಾರಿಗೂ ಹೇಳಲಿಲ್ಲ. ಉಷಾ ತನ್ನ ಅತ್ತೆ ಗಿರಿಜಾದೇವಿಯ ಹೊರತು ಯಾರಿಗೂ ಹೇಳಲಿಲ್ಲ. ಬೆಳಗಾವಿ ಕಡೆಯ ಗಿರಿಜಾದೇವಿಗೆ ಎಪ್ಪತ್ತೆರಡು ವರ್ಷ. ಎಷ್ಟೋ ಹೆಣ್ಣುಮಕ್ಕಳ ಕುಬಸ, ಅಂದರೆ ಸೀಮಂತ, ಮಾಡಿಸಿದ ಹಿರಿಯಳು. ಅವಳು ಕೂಡಲೆ ಲೆಕ್ಕ ಹಾಕಿದಳು. ಹೊಟ್ಟೆ ಕಾಣುತ್ತಿದೆ ಎಂದರೆ ಮೂರು ತಿಂಗಳಾಗಿದೆ. ಮೂರನೆಯ ತಿಂಗಳಿಗೆ ಹೆಚ್ಚು ಜನರಿಗೆ ತಿಳಿಸದೆ, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಐವರು ಮುತ್ತೈದೆಯರು ಉಡಿ ತುಂಬಿ ಕಳ್ಳ ಕುಬಸ ಮಾಡಬೇಕು. ಹುಡುಗಿಯ ತವರು ದೂರ. ಹಾಗಾದರೆ ಮಾಡುವವರು ಯಾರು? ನಾವೇ. ಯಾವಾಗ? ಸ್ಕ್ಯಾನಿಗೆ ಹೋಗುವ ಮುಂಚೆ.

ಶುಕ್ರವಾರ ಹನ್ನೆರಡು ಗಂಟೆಗೆ ಕೆಳಗಿನಿಂದ ಮೆಲ್ರಾಯ್ ಫೋನು ಮಾಡಿದ. "ಸರ್, ಐದು ಜನ ಹೆಂಗಸರು ಬಂದಿದ್ದಾರೆ ಮಾರಾಯ್ರೆ. ದೊಡ್ಡ ದೊಡ್ಡ ಪಾತ್ರೆ ಉಂಟು. ಮೇಲೆ ಕಳಿಸಿದ್ದೇನೆ. ಕಂಗ್ರಾಜುಲೇಶನ್ಸ್ ಸರ್."

ನಿತೀಶ ಆವರೆಗೂ ಬಕೆಟ್ಟನ್ನು ಗೂಡಿನೊಳಗೆ ಇಟ್ಟಿರಲಿಲ್ಲ. ಬಕೆಟ್ಟು ಹಿಡಿಸಲು ಗೂಡಿನ ಬಾಗಿಲಿನ ತಿರುಪು ಬಿಚ್ಚಬೇಕಿತ್ತು, ಇನ್ನೂ ಮೂರು ತಾಸು ಇತ್ತು. ಲಿಫ್ಟು ಏಳನೆಯ ಮಹಡಿಗೆ ಬರುವುದರೊಳಗೆ ಅವನು ಗೂಡನ್ನು ಮಲಗುವ ಕೋಣೆಗೆ ತಳ್ಳಿ, ಬೆಳಕು ಸಂದಿನಿಂದ ಕಾಣದಿರಲೆಂದು ದೀಪ ಆರಿಸಿ, ಮೇಲೆ ಚಾದರ ಹೊದಿಸಿ, ಬಾಗಿಲು ಎಳೆದುಕೊಂಡ.

ಗಿರಿಜಾದೇವಿ ಒಳಗೆ ಬಂದವಳೇ ಅವನ ಗದ್ದ ಹಿಡಿದಳು. "ಒಂಬತ್ತು ವರ್ಷಕ್ಕ ಕಣ್ಣು ತೆರದ ನೋಡಪಾ ದೇವರು!" ನಿತೀಶ ಗಾಬರಿಯಲ್ಲಿ ನಕ್ಕ. ಆ ನಗುವೇ ಅವರಿಗೆ ಒಪ್ಪಿಗೆಯಾಯಿತು. ಮೈತ್ರೇಯಿ ಶಾಲೆಯಿಂದ ಬರುವುದರೊಳಗೆ ಎಲ್ಲ ಸಿದ್ಧವಾಗಬೇಕೆಂದು ಐದು ನಿಮಿಷದಲ್ಲಿ ಅಡಿಗೆಮನೆ ಅವರ ಕೈಗೆ ಹೋಯಿತು. ಹೋಳಿಗೆ, ಕಟ್ಟಿನ ಸಾರು, ಚಿತ್ರಾನ್ನ, ಮೊಸರನ್ನ, ಬುರಬುರಿ ಎಲ್ಲ ಪಾತ್ರೆಯಿಂದ ಹೊರಗೆ ಬಂದವು.

ಕೈ ತೊಳೆಯಲು ಬಚ್ಚಲಿಗೆ ಹೋದ ಗಿರಿಜಾದೇವಿ ಕೂಗಿದಳು, "ಬಕೀಟಿನ ತುಂಬ ಹಸಿ ಉಸುಕು ಯಾಕಿಟ್ಟೀರೋ?"

"ಅದು... ಮೈತ್ರೇಯಿ ತಂದಾಳ್ರಿ," ಎಂದ ನಿತೀಶ. ಇದು ಮಾತ್ರ ನಿಜ.

"ಮಣ್ಣು ತಿನ್ನೂ ಬಯಕಿ!" ಗಿರಿಜಾದೇವಿ ತೀರ್ಪು ಕೊಟ್ಟಳು. "ಮೂರನೇ ತಿಂಗಳಿಗೆ ನನಗೂ ಹಿಂಗ ಆಗಿತ್ತು. ಆದ್ರ ನಾ ಒಂದು ಚಿಟಿಗಿ ತಿಂತಿದ್ದೆ. ಬಕೀಟ್ ಅಂದ್ರ ಗಂಡುಮಗಾನ ಬಿಡು."

ಅಷ್ಟರಲ್ಲಿ ಉಷಾ ಬೆಲ್ಲ ಹುಡುಕುತ್ತ ಕಟ್ಟೆಯ ಮೇಲಿದ್ದ ಡಬ್ಬಿ ತೆರೆದಳು. ಎಂಟು ಹತ್ತು ಮಿಡತೆ ಚಂಗನೆ ಹಾರಿದವು. ಒಂದು ಹೋಳಿಗೆಯ ಮೇಲೆ, ಒಂದು ತುಪ್ಪದಲ್ಲಿ, ಒಂದು ಉಷಾಳ ಜಡೆಯಲ್ಲಿ.

"ಏನ್ರೀ ಇವು!"

ನಿಜ ಹೇಳಲು ಇನ್ನೊಮ್ಮೆ ತಕ್ಕ ಸಮಯ ಬಂದಿತ್ತು. ನಿತೀಶ ಇದನ್ನೂ ಬಿಟ್ಟ. "ಪ್ರೋಟೀನ್ ರೀ. ಡಾಕ್ಟರ್ ಹೇಳ್ಯಾರ," ಎಂದ.

ಗಿರಿಜಾದೇವಿಯೇ ಮೊದಲು ಚೇತರಿಸಿಕೊಂಡಳು. "ಬಾಯಿ ಮುಚ್ಚು ಉಷಾ. ಬಸುರಿ ಏನು ಬೇಡಿದರೂ ಇಲ್ಲ ಅನಬಾರದು. ಈ ಊರಿನ ನೀರ ಅಂಥಾದು." ಆಮೇಲೆ ನಿತೀಶನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಜೀವಂತ ಬ್ಯಾಡಪಾ. ಒಂದೀಟು ಹುರದರ ಕೊಡು," ಎಂದಳು.

ಒಂದೂ ಇಪ್ಪತ್ತಕ್ಕೆ ಮೈತ್ರೇಯಿ ಓಡುತ್ತಲೇ ಬಂದಳು. ಕೈಯಲ್ಲಿ ಸರದಾರನನ್ನು ಒಯ್ಯಲು ತಂದ ಪುಟ್ಟ ಪೆಟ್ಟಿಗೆ. ಬಾಗಿಲಲ್ಲೇ ಆರತಿ ಎದುರಾಯಿತು. ನಿತೀಶ ಅವಳನ್ನು ಪಕ್ಕಕ್ಕೆ ಎಳೆದ.

"ಒಂದ ತಾಸು ಸುಮ್ಮ ಕುಂತಬಿಡು. ನಿನಗ ದಿನ ಹೋಗ್ಯಾವ ಅಂತ ತಿಳಕೊಂಡಾರ. ಆಮ್ಯಾಲೆ ಏನರ ಒಂದು ಹೇಳೂಣು."

"ಯಾಕ ತಿಳಕೊಂಡಾರ?"

"ರಜೆ ಬೇಕಿತ್ತಲ್ಲ. ನಿನ್ನ ಹೆಸರು ಹೇಳಿದೆ."

"ನನ್ನ ಹೆಸರು ಹೇಳಿದ್ರ ರಜೆ ಕೊಟ್ರೇನು?"

"ಒಂದ ಮಾತಿಗೆ ಕೊಟ್ರು," ಎಂದ ನಿತೀಶ, ಸ್ವಲ್ಪ ಹೆಮ್ಮೆಯಿಂದಲೇ.

ಬಕೆಟ್ ಒಳಗಿಟ್ಟು ಕಣ್ಣಿಟ್ಟಿದ್ದಾನೆಂದೇ ನಂಬಿದ್ದ ಮೈತ್ರೇಯಿ ಪೆಟ್ಟಿಗೆ ಕೆಳಗಿಟ್ಟಳು. ಹೋಗಿ ಅವರು ತೋರಿಸಿದ ಕುರ್ಚಿಯಲ್ಲಿ ಕುಳಿತಳು. ಅವಳು ಯಾಕೆ ಕುಳಿತಳು ಎಂದು ಮುಂದೆ ಬಳಗದಲ್ಲಿ ಬಹಳ ಚರ್ಚೆಯಾಯಿತು. ಉಷಾಳ ನಾದಿನಿಯ ಕುಬಸದಲ್ಲಿ ಇದೇ ಗಿರಿಜಾದೇವಿ ಮೈತ್ರೇಯಿಯನ್ನು "ನೀ ಒಳಗ ಅನ್ನ ನೋಡ್ಕೋ ಯವ್ವಾ" ಎಂದು ಕಳಿಸಿದ್ದಳು. ಮಕ್ಕಳಾಗದವಳ ಕೈಯಿಂದ ಉಡಿ ತುಂಬಿಸುವುದಿಲ್ಲ. ಒಂಬತ್ತು ವರ್ಷ ಅವಳು ಲಂಡನ್ನಿನ ಎಲ್ಲ ಕುಬಸಗಳಲ್ಲಿ ಅನ್ನವನ್ನೇ ನೋಡಿಕೊಂಡಿದ್ದಳು. ಈಗ ಈ ಜನ ಎಲ್ಲಿಯವರೆಗೆ ಹೋಗುತ್ತಾರೋ ನೋಡೇಬಿಡೋಣ ಎನಿಸಿತು. ನಿಜ ಹೇಳಬೇಕೆಂದರೆ, ಒಂದು ಕ್ಷಣ ಆ ಹಸಿರು ಸೀರೆ ಅವಳಿಗೆ ಬೇಕೂ ಎನಿಸಿತು.

ಸೀರೆ ಉಡಿಸಿದರು. ಬಳೆ ತೊಡಿಸಿದರು. ಅಕ್ಕಿ, ಕೊಬ್ಬರಿ, ಅರಿಷಿಣದ ಬೇರು, ರವಿಕೆಯ ಖಣ ಹಾಕಿ ಉಡಿ ತುಂಬಿದರು. ಹಾಡೂ ಆಯಿತು. ನಿತೀಶ ಅಭ್ಯಾಸಬಲದಿಂದ ಫೋಟೊ ತೆಗೆಯುತ್ತಿದ್ದ.

"ಖರೇ ಹೇಳ ಯವ್ವಾ, ಎಷ್ಟಾತು?" ಎಂದಳು ಗಿರಿಜಾದೇವಿ.

"ಒಂಬತ್ತು ವರ್ಷ," ಎಂದಳು ಮೈತ್ರೇಯಿ.

ಹೆಂಗಸರು ನಕ್ಕರು. ಮೈತ್ರೇಯಿ ನಗಲಿಲ್ಲ.

"ಬಸುರಿ ನಾನಲ್ಲರಿ. ಆಕಿ ಒಳಗ ಕೋಣ್ಯಾಗ ಇದ್ದಾಳ. ಇವರು ರಜೆ ಹಾಕಿದ್ದು ಆಕಿನ್ನ ತೋರಸಾಕ."

ಐದು ಮುತ್ತೈದೆಯರೂ ಮುಚ್ಚಿದ ಬಾಗಿಲನ್ನು ನೋಡಿದರು. ಆಮೇಲೆ ನಿತೀಶನನ್ನು ನೋಡಿದರು. ಗಿರಿಜಾದೇವಿ ಸಾರಿನ ಸವಟು ಕೈಗೆತ್ತಿಕೊಂಡಳು. "ಯಾರೋ ಆಕಿ? ಎಷ್ಟು ದಿನದಿಂದ ಇಟ್ಟೀಯೋ?"

"ಒಂದ ವಾರಾತ್ರಿ," ಎಂದ ನಿತೀಶ ಹಿಂದೆ ಸರಿಯುತ್ತ. "ಇಲ್ಫರ್ಡಿಂದ ತಂದೀನ್ರಿ. ಜೋಡಿ ಗೂಡೂ ಕೊಟ್ರು."

ಸವಟು ಬೀಳುವುದರಲ್ಲಿತ್ತು. ಅಷ್ಟರಲ್ಲಿ ಮೈತ್ರೇಯಿ ಬಾಗಿಲು ತೆರೆದು ಚಾದರ ಎಳೆದಳು. ಸರದಾರ ಗೂಡಿನ ತಳದಲ್ಲಿ ಬಿದ್ದಿತ್ತು. ಮೈ ಕಪ್ಪಾಗಿತ್ತು. ಕಣ್ಣು ಒಳಗೆ ಹೋಗಿದ್ದವು. ತಳವನ್ನು ಕೆರೆದು ಕೆರೆದು ಉಗುರಲ್ಲಿ ರಕ್ತ ಬಂದಿತ್ತು.

"ದೀಪ ಯಾಕ ಆರಿಸಿದ್ರಿ?" ಎಂದಳು ಮೈತ್ರೇಯಿ. ನಿತೀಶ ಚಾದರ ಮಡಿಸತೊಡಗಿದ.

"ನಮ್ಮಣ್ಣನ ಫ್ಲ್ಯಾಟಿನಾಗ ಗೋಸುಂಬಿ!" ಎಂದು ಉಷಾ ಚೀರಿದಳು. ಗಿರಿಜಾದೇವಿಯ ಚಿಂತೆ ಬೇರೆಯಿತ್ತು. "ಹಂಗಾದ್ರ ನಾವು ಉಡಿ ತುಂಬಿದ್ದು ಯಾರಿಗೆ ಸಂದೀತು? ತುಂಬಿದ್ದನ್ನ ತಿರುಗಿ ಇಸಕೊಳ್ಳಾಕ ಬರ್ತದೋ ಇಲ್ಲೋ?" ಈ ಪ್ರಶ್ನೆಯ ಮೇಲೆ ಐವರಲ್ಲಿ ಮೂರು ಪಕ್ಷಗಳಾದವು.

ಮೈತ್ರೇಯಿ ಉಡಿಯಲ್ಲಿದ್ದ ಹೊಸ ಖಣ ತೆಗೆದು, ಸರದಾರನನ್ನು ಅದರಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಉಡಿಯ ಅಕ್ಕಿ ನೆಲಕ್ಕೆಲ್ಲ ಚೆಲ್ಲಿತು. ಹಸಿರು ಸೀರೆಯಲ್ಲೇ ಹೊರಟಳು. ಕೆಳಗೆ ಮೆಲ್ರಾಯ್ ಏನೂ ಕೇಳದೆ ರಸ್ತೆಗೆ ಓಡಿ ಟ್ಯಾಕ್ಸಿ ನಿಲ್ಲಿಸಿದನಂತೆ.

ನಿತೀಶನೂ ಬೂಟು ಹಾಕಿಕೊಂಡ. "ನೀ ಎಲ್ಲಿ ಹೊಂಟೀಪಾ?" ಎಂದಳು ಗಿರಿಜಾದೇವಿ. "ಮನಿಗೆ ಬಂದ ಮುತ್ತೈದೇರು ಉಪವಾಸ ಹೋಗಬೇಕೇನು? ಬಡಿಸೋರು ಯಾರು?"

ಇದು ನ್ಯಾಯವಾದ ಮಾತು. ನಿತೀಶ ಬೂಟು ಬಿಚ್ಚಿ ಬಡಿಸಲು ನಿಂತ. ಊಟದ ನಡುವೆ ಗೋಸುಂಬೆಗೆ ಡಾಕ್ಟರ ಅಗತ್ಯ ಇದೆಯೇ ಎಂಬ ವಿಚಾರ ಬಂತು. ಎಲ್ಲರೂ ಮಾತಾಡಿದರು. ಊರಲ್ಲಿ ಬೇಲಿಯ ಮೇಲಿನ ಗೋಸುಂಬೆಗೆ ಯಾವ ಡಾಕ್ಟರು ಬರುತ್ತಿದ್ದ ಎಂದು ಒಬ್ಬರು ಕೇಳಿದರು. ಅಗತ್ಯವಿಲ್ಲ ಎಂಬುದು ಒಮ್ಮತದ ನಿರ್ಣಯವಾಯಿತು. ಮೈತ್ರೇಯಿಗೆ ಇತ್ತೀಚೆಗೆ ಬಾಯಿ ಬಂದಿದೆ ಎಂಬುದಕ್ಕೂ ಎರಡು ಮಾತಿರಲಿಲ್ಲ. ಉಷಾಳಿಂದ ಎಲ್ಲ ಕೇಳಿದ ಋಷಿಕೇಶ ಫೋನಿನಲ್ಲಿ ರಜೆಯ ಕಾರಣ ತಿದ್ದಬೇಕಾಗುತ್ತದೆ ಎಂದ. ನಿತೀಶ ಎರಡನೆಯ ಸಲ ತುಪ್ಪ ಬಡಿಸಿದ.

ಹೆಂಗಸರೆಲ್ಲ ಹೋದ ಮೇಲೆ, ಐದೂವರೆಗೆ ಮೈತ್ರೇಯಿ ಬಂದಳು. ಪೆಟ್ಟಿಗೆ ಖಾಲಿ ಇತ್ತು.

"ಎಕ್ಸರೇದಾಗ ಮೂವತ್ತರ ಮ್ಯಾಲೆ ಮೊಟ್ಟಿ ಕಂಡುವು," ಎಂದಳು. "ಆಪರೇಶನ್‌ಗೆ ತಯಾರಿ ಮಾಡೂದರಾಗ ಜೀವ ಹೋತು. ಮಂಗಳವಾರ ತಂದಿದ್ರ ಉಳೀತಿತ್ತು ಅಂದ್ರು."

ನಿತೀಶನಿಗೆ ನಿಜಕ್ಕೂ ಸಂಕಟವಾಯಿತು. ಅವನು ಕೆಟ್ಟವನಲ್ಲ. ಅವನ ಕಣ್ಣಲ್ಲಿ ನೀರು ಬಂತು. ಹೆಂಡತಿಯ ಕೈ ಹಿಡಿದುಕೊಂಡ. "ನಂದೂ ಟೆಸ್ಟ್ ಮಾಡಿಸ್ಕೋತೀನಿ. ಸೋಮವಾರನ ಹೋಗ್ತೀನಿ. ನಿನ್ನಾಣಿ," ಎಂದ.

ಮೈತ್ರೇಯಿ ಮೆಲ್ಲಗೆ ಅವನ ಎದುರು ಕುಳಿತಳು. ಒಂಬತ್ತು ವರ್ಷದಲ್ಲಿ ಅವನು ಪರೀಕ್ಷೆಗೆ ಇಂಥ ದಿನ ಎಂದು ಹೇಳಿದ್ದು ಇದೇ ಮೊದಲು. ಸಿಟ್ಟಿನ ನಡುವೆಯೂ ಅವಳಿಗೆ ಆಸೆ ಹುಟ್ಟಿತು. ಆಸೆಗೆ ನಾಚಿಕೆ ಎಂಬುದಿಲ್ಲ.

"ರಜೆ?"

"ಕೇಳ್ತೀನಿ."

"ಋಷಿಕೇಶ ಸರ್ ಮುಂದ ಏನಂತ ಹೇಳಿ ಕೇಳ್ತೀರಿ?"

ನಿತೀಶ ವಿಚಾರ ಮಾಡಿದ. ಕಚೇರಿಯ ಕೋಣೆ ಕಣ್ಣಮುಂದೆ ಬಂತು. ಋಷಿಕೇಶ ಬಾಗಿಲು ಹಾಕುವುದು, ಉಷಾಳ ಫೋನು, ಐದು ಜನ ಹೆಂಗಸರು, ಸೋಮವಾರದ ಚಹಾ ಎಲ್ಲ ಬಂದವು. ಅವನ ಮುಖ ಗೆಲುವಾಯಿತು.

"ಗೋಸುಂಬಿಗೆ ಆರಾಮಿಲ್ಲ, ವೆಟ್‌ಗೆ ತೋರಸಬೇಕು ಅಂತೀನಿ," ಎಂದ. "ಈಗ ಹೆಂಗೂ ಎಲ್ಲಾರಿಗೂ ಗೊತ್ತಾಗೇದ. ಸತ್ತದ್ದು ಅವರಿಗಿನ್ನೂ ಗೊತ್ತಿಲ್ಲಲ್ಲ."

ಮೈತ್ರೇಯಿ ಕೈ ಬಿಡಿಸಿಕೊಂಡಳು. ಒಂದು ಚೀಲದಲ್ಲಿ ಬಟ್ಟೆ ತುಂಬಿಕೊಂಡು, ಸ್ಟ್ರಾಟ್‌ಫರ್ಡಿನಲ್ಲಿದ್ದ ತಂಗಿ ಸೃಷ್ಟಿಯ ಮನೆಗೆ ಹೊರಟುಹೋದಳು.

ಸೋಮವಾರದ ರಜೆಯನ್ನು ಋಷಿಕೇಶ ಏನೂ ತಕರಾರಿಲ್ಲದೆ ಮಂಜೂರು ಮಾಡಿದ. ನಿತೀಶ ಅಂದು ಹತ್ತು ಗಂಟೆಗೆ ಎದ್ದು, ಚಹಾ ಮಾಡಿಕೊಂಡು, ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿದ. ಹೆಂಡತಿಯೇ ಮನೆಯಲ್ಲಿಲ್ಲದ ಮೇಲೆ ಪರೀಕ್ಷೆಗೆ ಹೋಗುವ ಅಗತ್ಯ ಅವನಿಗೆ ಕಾಣಲಿಲ್ಲ.